ಚೆಂಡು ಕುಂತದೆ

ಕೊಳ್ಳೇಗಾಲ
9 ಜೂನ್ 2024

ಸದಾಶಿವಪ್ಪ ಮೇಷ್ಟ್ರಿಗೆ ಲೊಕ್ಕನಹಳ್ಳಿಯ ಮಾದೇವಮ್ಮನ ನಮಸ್ಕಾರ. ನನ್ನ ನೆನಪಿದ್ದರೆ ಸಂತೋಷ, ಇಲ್ಲದಿದ್ದರೂ ಪತ್ರ ಪೂರ್ತಿ ಓದಿ.

ನೀವು ನಮ್ಮೂರ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವಾಗ ನಾನು ಒಂಬತ್ತನೇ ಕ್ಲಾಸು. ಹತ್ತನೇ ಕ್ಲಾಸಿಗೆ ಬರಲಿಲ್ಲ. ಅದಕ್ಕೊಂದು ಕಾರಣವಿದೆ, ಇನ್ನೊಂದು ದಿನ ಹೇಳುತ್ತೇನೆ. ಯಳಂದೂರಿನ ನಿಮ್ಮ ಮನೆಗೆ ಹೋಗಿದ್ದೆ, ಬೀಗ ಹಾಕಿತ್ತು. ಮಗಳಿಗೆ ಗೋಪಿನಾಥಂ ಶಾಲೆಗೆ ವರ್ಗವಾಗಿದೆ, ಮೇಷ್ಟ್ರೂ ಅಲ್ಲೇ ಇದ್ದಾರೆ, ಅಲ್ಲಿ ಫೋನು ಹತ್ತುವುದಿಲ್ಲ, ಕಾಗದ ಬರೆದರೆ ಮಾತ್ರ ಸಿಗುತ್ತಾರೆ ಎಂದು ಪಕ್ಕದ ಮನೆಯವರು ವಿಳಾಸ ಕೊಟ್ಟರು.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ, ಹಿಂದೆ ಹುರುಳಿ ಬೆಳೆಯುತ್ತಿದ್ದ ಕಡೆ, ರೆಸಾರ್ಟಿನವರೊಬ್ಬರು ಗಾಲ್ಫ್ ಮೈದಾನ ಮಾಡಿದ್ದಾರೆ. ನಾಲ್ಕು ವರ್ಷದಿಂದ ನಾನು ಅಲ್ಲಿ ಕ್ಯಾಡಿ. ಆಟಗಾರರ ಕೋಲುಗಳ ಚೀಲ ಹೊತ್ತು ಅವರ ಜೊತೆ ನಡೆಯುವುದು, ಚೆಂಡು ಎಲ್ಲಿ ಬಿತ್ತು ಎಂದು ನೋಡುವುದು, ಮುಂದಿನ ಏಟು ಯಾವ ಕೋಲಿನಲ್ಲಿ, ಯಾವ ಕಡೆಗೆ ಎಂದು ಹೇಳುವುದು ನಮ್ಮ ಕೆಲಸ. ಹದಿನೆಂಟು ಹೆಂಗಸರಿದ್ದೇವೆ, ಎಲ್ಲರೂ ಸುತ್ತಮುತ್ತಲ ಹಳ್ಳಿಯವರೇ.

ಈಗ ಹೊಸ ಮ್ಯಾನೇಜರ್ ಬಂದಿದ್ದಾರೆ. ಸೆಪ್ಟೆಂಬರ್ 29ಕ್ಕೆ ನಮಗೆಲ್ಲ ಪರೀಕ್ಷೆಯಂತೆ, ಅದೂ ಇಂಗ್ಲಿಷಿನಲ್ಲಿ ಬರೆಯುವ ಪರೀಕ್ಷೆ. ಪಾಸಾದವರು ಕ್ಯಾಡಿಗಳಾಗಿ ಉಳಿಯುತ್ತಾರೆ, ಫೇಲಾದವರು ಹುಲ್ಲಿನ ಕಳೆ ಕೀಳಲು ಹೋಗಬೇಕು. ಕನ್ನಡದಲ್ಲಿ ಪರೀಕ್ಷೆ ಮಾಡಿ ಎಂದು ನಾನು ಕೇಳಿದೆ. ಈ ಆಟಕ್ಕೆ ಕನ್ನಡದಲ್ಲಿ ಪದಗಳೇ ಇಲ್ಲವಲ್ಲ, ಇದ್ದರೆ ಒಂದು ಪುಸ್ತಕ ಮಾಡಿ ತಂದು ತೋರಿಸು ಎಂದರು. ಆಗಲಿ ಎಂದು ಬಂದಿದ್ದೇನೆ.

ಕಳೆ ಕೀಳುವುದು ನನಗೆ ಗೊತ್ತಿಲ್ಲದ ಕೆಲಸವಲ್ಲ ಮೇಷ್ಟ್ರೇ, ನಾಚಿಕೆಯೂ ಇಲ್ಲ. ಆದರೆ ಇಲ್ಲಿ ನಾನು ಎಡಕ್ಕೆ ಹೊಡೆಯಿರಿ ಎಂದರೆ ದೊಡ್ಡ ದೊಡ್ಡವರು ಎಡಕ್ಕೆ ಹೊಡೆಯುತ್ತಾರೆ. ನನ್ನ ಮಾತು ಕೇಳುವ ಜಾಗ ಈ ಭೂಮಿಯ ಮೇಲೆ ಅದೊಂದೇ. ಅದನ್ನು ಬಿಟ್ಟುಕೊಡುವುದಿಲ್ಲ. ಪದದ ವಿಷಯದಲ್ಲಿ ನಿಮ್ಮಷ್ಟು ಹಠ ಇರುವವರನ್ನು ನಾನು ಬೇರೆ ನೋಡಿಲ್ಲ, ಅದಕ್ಕೇ ಬರೆದೆ.

ನಿಮ್ಮ ಹಳೆಯ ವಿದ್ಯಾರ್ಥಿನಿ,
ಮಾದೇವಮ್ಮ


ಗೋಪಿನಾಥಂ
20 ಜೂನ್ 2024

ಮಾದೇವಮ್ಮನಿಗೆ ಒಳ್ಳೆಯದಾಗಲಿ.

ನಿನ್ನ ಮುಖ ನೆನಪಿಗೆ ಬರಲಿಲ್ಲ, ಕ್ಷಮಿಸು. ಮೂವತ್ತೊಂದು ವರ್ಷದಲ್ಲಿ ಎಷ್ಟೋ ಮಾದೇವಮ್ಮಂದಿರು ಬಂದು ಹೋಗಿದ್ದಾರೆ. ಆದರೆ ಅಕ್ಷರ ದುಂಡಗಿದೆ.

ಇಲ್ಲಿಗೆ ದಿನಕ್ಕೆ ಬರುವುದೇ ಒಂದೋ ಎರಡೋ ಬಸ್ಸು. ಅರ್ಧ ಊರು ತಮಿಳು ಮಾತಾಡುತ್ತದೆ, ನನ್ನ ವ್ಯಾಕರಣ ಕೇಳುವವರು ಯಾರೂ ಇಲ್ಲ. ಮೊಮ್ಮಗಳು ಕೂಡ ಎದ್ದು ಹೋಗುತ್ತಾಳೆ. ಇಂಥ ಹೊತ್ತಿನಲ್ಲಿ ನಿನ್ನ ಪತ್ರ ಬಂತು. ನಾಲ್ಕು ಸಲ ಓದಿದೆ.

ನಾನು ಈ ಆಟವನ್ನು ಕಂಡವನಲ್ಲ. ಆದ್ದರಿಂದ ಪದವನ್ನು ಒಂಟಿಯಾಗಿ ಕಳಿಸಬೇಡ. ಅದು ಏನನ್ನು ಹೇಳುತ್ತದೆ, ವಾಕ್ಯದಲ್ಲಿ ಹೇಗೆ ಬರುತ್ತದೆ, ಇಂಗ್ಲಿಷಿನವರು ಅದನ್ನು ಹೇಗೆ ಬಳಸುತ್ತಾರೆ, ನೀವು ಹೆಂಗಸರು ಅದಕ್ಕೆ ಏನನ್ನುತ್ತೀರಿ, ಎಲ್ಲವನ್ನೂ ಬರೆ. ಆಮೇಲೆ ನಾನುಂಟು, ನನ್ನ ನಿಘಂಟುಗಳುಂಟು.

ಸದಾಶಿವಪ್ಪ, ನಿವೃತ್ತ ಕನ್ನಡ ಪಂಡಿತ


ಕೊಳ್ಳೇಗಾಲ
2 ಜುಲೈ 2024

ಮೇಷ್ಟ್ರಿಗೆ ನಮಸ್ಕಾರ.

ಸಂಜೆ ಕೆಲಸ ಮುಗಿದ ಮೇಲೆ ಪಂಪ್ ಮನೆಯ ಜಗಲಿಯಲ್ಲಿ ಹದಿನೆಂಟು ಜನರೂ ಕೂತೆವು. ಒಬ್ಬೊಬ್ಬರು ಒಂದೊಂದು ಹೇಳಿದರು, ನಾನು ಬರೆದುಕೊಂಡೆ.

ಮೊದಲು ಆಟ ತಿಳಿಯಿರಿ. ಒಂದು ಕಡೆಯಿಂದ ಚೆಂಡು ಹೊಡೆದುಕೊಂಡು ಹೋಗಿ ದೂರದಲ್ಲಿರುವ ಗುಳಿಗೆ ಬೀಳಿಸಬೇಕು. ಕಡಿಮೆ ಏಟಿಗೆ ಬೀಳಿಸಿದವನು ಗೆದ್ದ. ಅಷ್ಟೇ. ಇದಕ್ಕೆ ಅವರು ಒಂದು ಬುಟ್ಟಿ ಪದ ಮಾಡಿಕೊಂಡಿದ್ದಾರೆ.

ಹೊಡೆಯುವುದಕ್ಕೇ ಮೂರು. ದೂರಕ್ಕೆ ಬೀಸಿದರೆ ಡ್ರೈವ್, ನಾವು 'ಹೊಡೀರಿ' ಅನ್ನುತ್ತೇವೆ. ಹತ್ತಿರದಿಂದ ಮೇಲಕ್ಕೆತ್ತಿ ಹಾಕಿದರೆ ಚಿಪ್, ನಾವು 'ಎತ್ತಾಕಿ' ಅನ್ನುತ್ತೇವೆ. ಗುಳಿಯ ಪಕ್ಕದಲ್ಲಿ ನೆಲದ ಮೇಲೆ ಉರುಳಿಸಿದರೆ ಪಟ್, ನಾವು 'ತಟ್ಟಿ' ಅನ್ನುತ್ತೇವೆ. ಅವರಿಗೆ ಡ್ರೈವ್ ಅನ್ನುವುದು ಮಾಡುವ ಕೆಲಸವೂ ಹೌದು, ಎಣಿಸುವ ವಸ್ತುವೂ ಹೌದು. ಒಂದು ಡ್ರೈವ್, ಎರಡು ಪಟ್ ಎಂದು ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಎರಡು ತಟ್ಟು ಎಂದರೆ ನಗುತ್ತಾರೆ. ಮಾಡುವಾಗ ಬೇರೆ ಬೇರೆ ಮಾತು, ಎಣಿಸುವಾಗ ಎಲ್ಲವೂ ಏಟು.

ಗುಳಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿ, ರೋಲರ್ ಎಳೆದು, ಒಂದು ಕಡ್ಡಿ ಇಲ್ಲದಂತೆ ಗುಡಿಸಿರುತ್ತಾರೆ. ಅವರಿಗೆ ಅದು ಗ್ರೀನ್, ನಮಗೆ ಕಣ. ಕೆಲಸಕ್ಕೆ ಸೇರಿದ ಮೊದಲ ದಿನ ಸೋಮಮ್ಮ ಅದರ ಅಂಚಿಗೆ ಬಂದು ಚಪ್ಪಲಿ ಬಿಟ್ಟರು. ಅವರನ್ನು ನೋಡಿ ನಾವೂ ಬಿಟ್ಟೆವು. ರಾಗಿ ಒಕ್ಕುವ ಕಣದ ಮೇಲೆ ಚಪ್ಪಲಿ ಮೆಟ್ಟಿಕೊಂಡು ಯಾರಾದರೂ ಹೋಗುತ್ತಾರೆಯೇ? ಆಟಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಶೂ ಕೊಟ್ಟರು. ಆದರೆ ಕಣ ಅನ್ನುವ ಹೆಸರು ಹೋಗಲಿಲ್ಲ. ಸೋಮಮ್ಮ ಯಾರೆಂದರೆ ನಮ್ಮೆಲ್ಲರಲ್ಲಿ ದೊಡ್ಡವರು, ಹನೂರಿನ ಕಡೆಯವರು. ಓದು ಬರಹ ಬರುವುದಿಲ್ಲ, ಆದರೆ ಗಾಳಿ ಯಾವ ಕಡೆಗಿದೆ ಎಂದು ಅವರನ್ನು ಕೇಳದೆ ಯಾರೂ ಹೊಡೆಯುವುದಿಲ್ಲ.

ಅತಿ ಮುಖ್ಯವಾದದ್ದು ಲೈ. ಬಿದ್ದ ಚೆಂಡು ಹೇಗಿದೆ ಅನ್ನುವುದು. ಇಂಗ್ಲಿಷಿನಲ್ಲಿ ಅದೊಂದು ಹೆಸರು, ಒಳ್ಳೆಯ ಲೈ, ಕೆಟ್ಟ ಲೈ ಅಂತಾರೆ. ನಮ್ಮಲ್ಲಿ ಅದಕ್ಕೆ ಹೆಸರೇ ಇಲ್ಲ. ಹುಲ್ಲಿನ ಮೇಲೆ ಚೆನ್ನಾಗಿ ನಿಂತಿದ್ದರೆ 'ಕುಂತದೆ', ಹುಲ್ಲೊಳಗೆ ಮುಳುಗಿದ್ದರೆ 'ಹುದುಗದೆ', ಇಳಿಜಾರಿನಲ್ಲಿದ್ದರೆ 'ಒರಗದೆ'. ಇಷ್ಟು ಹೇಳಿದರೆ ಯಾವ ಕೋಲು ಕೊಡಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ಹ್ಯಾಂಡಿಕ್ಯಾಪ್ ಅಂತ ಒಂದಿದೆ. ಕಡಿಮೆ ಆಟ ಬರುವವನಿಗೆ ಇಷ್ಟು ಏಟು ಬಿಟ್ಟುಕೊಟ್ಟಿದ್ದೇವೆ ಎಂದು ಮೊದಲೇ ಗೊತ್ತುಮಾಡಿ, ಕೊನೆಗೆ ಅವನ ಮೊತ್ತದಲ್ಲಿ ಕಳೆಯುತ್ತಾರೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ, ಅದೇ. ನಾವು 'ಲೆಕ್ಕಕ್ಕಿಲ್ಲದ ಏಟು' ಅನ್ನುತ್ತೇವೆ.

ಒಂದು ಪದ ಮಾತ್ರ ಮುಟ್ಟಬೇಡಿ. ಚೆಂಡು ಜನರ ಮೇಲೆ ಹೋದರೆ 'ಫೋರ್' ಎಂದು ಕೂಗುತ್ತೇವೆ. ತಲೆ ತಗ್ಗಿಸುವ ಹೊತ್ತಿನಲ್ಲಿ ಕನ್ನಡ ಯಾವುದು, ಇಂಗ್ಲಿಷ್ ಯಾವುದು ಎಂದು ನೋಡಲಾಗುವುದಿಲ್ಲ.

ಉಳಿದ ಮೂವತ್ತಾರು ಪದ ಬೇರೆ ಹಾಳೆಯಲ್ಲಿವೆ.

ಮಾದೇವಮ್ಮ


ಗೋಪಿನಾಥಂ
15 ಜುಲೈ 2024

ಮಾದೇವಮ್ಮ,

ಹತ್ತು ದಿನ ಊಟ ನಿದ್ದೆ ನೋಡದೆ ಕೂತೆ. ಮಗಳು ಬೈದಳು. ಆದರೆ ಕೆಲಸ ಆಗಿದೆ.

ನಿಮ್ಮ ಮಾತುಗಳು ಚಂದವೇ. ಆದರೆ ಅವು ಜಗಲಿಯ ಮೇಲಿನ ಮಾತು, ಪುಸ್ತಕಕ್ಕೆ ಸಲ್ಲುವುದಿಲ್ಲ. ಪದಕೋಶವೆಂದರೆ ಅದಕ್ಕೊಂದು ಗಾಂಭೀರ್ಯ ಬೇಕು. ಲೈ ನಾಮಪದವಾದರೆ ನಾವೂ ನಾಮಪದವನ್ನೇ ಕೊಡಬೇಕು, 'ಕುಂತದೆ' ಎಂದು ಕೊಟ್ಟರೆ ಮ್ಯಾನೇಜರ್ ಏನೆಂದುಕೊಂಡಾರು? ಕನ್ನಡಕ್ಕೆ ಗತಿಯಿಲ್ಲ ಎಂದುಕೊಳ್ಳುತ್ತಾರೆ. ಅದಕ್ಕೆ ನಾನು ಅವಕಾಶ ಕೊಡುವುದಿಲ್ಲ.

ಲೈ ಇನ್ನು ಮುಂದೆ 'ಕಂದುಕಸ್ಥಿತಿ'. ಗ್ರೀನ್ 'ಹರಿತಾಂಗಣ'. ಮರಳಿನ ಗುಂಡಿ 'ಸಿಕತಾಗರ್ತ'. ಡ್ರೈವ್ 'ಪ್ರಥಮಪ್ರಹಾರ'. ಕತ್ತರಿಸದೆ ಬಿಟ್ಟ ಒರಟು ಹುಲ್ಲಿಗೆ ನೀವು 'ಬೀಳು' ಎನ್ನುತ್ತೀರಿ, ಅದು 'ಬೀಳು' ಎಂಬ ಕ್ರಿಯಾಪದದೊಂದಿಗೆ ಕಲಸಿಹೋಗುತ್ತದೆ, ಆದ್ದರಿಂದ 'ರೂಕ್ಷತೃಣ'. ಹ್ಯಾಂಡಿಕ್ಯಾಪ್ ಎಂಬುದಕ್ಕೆ ನಿಘಂಟಿನಲ್ಲಿ 'ಅಂಗವೈಕಲ್ಯ' ಎಂದೇ ಇದೆ, ಹಾಗೆಯೇ ಇಟ್ಟಿದ್ದೇನೆ. 'ಫೋರ್' ಎಂಬಲ್ಲಿ 'ಪುರೋಜಾಗ್ರತ' ಎಂದು ಹಾಕಿದ್ದೇನೆ, ನೀನು ಬೇಡವೆಂದಿದ್ದರೂ. ಅಭ್ಯಾಸವಾದರೆ ಎಲ್ಲ ಪದವೂ ನಾಲಿಗೆಗೆ ಬರುತ್ತದೆ.

ಪೂರ್ಣ ಪಟ್ಟಿ ಲಗತ್ತಿಸಿದೆ.

ಸದಾಶಿವಪ್ಪ


ಕೊಳ್ಳೇಗಾಲ
24 ಜುಲೈ 2024

ಮೇಷ್ಟ್ರಿಗೆ,

ನಿಮ್ಮ ಪಟ್ಟಿಯನ್ನು ಪಂಪ್ ಮನೆಯ ಜಗಲಿಯಲ್ಲಿ ಓದಿದೆ. ಮೊದಲು ಎಲ್ಲರೂ ಭಕ್ತಿಯಿಂದ ಕೇಳಿದರು, ಮಂತ್ರ ಎಂದುಕೊಂಡು. 'ಪುರೋಜಾಗ್ರತ' ಬರುವ ಹೊತ್ತಿಗೆ ಸೋಮಮ್ಮ ಎದ್ದರು. "ಅದ್ನ ನಾನು ಏಳಿ ಮುಗ್ಸೋ ಒತ್ಗೆ ಚೆಂಡು ಅವ್ನ ತಲೆ ಒಡ್ದು ಮನ್ಗೋಯ್ತದೆ ಕಣವ್ವ" ಎಂದರು. ಹ್ಯಾಂಡಿಕ್ಯಾಪಿಗೆ ನೀವಿಟ್ಟ ಹೆಸರಿನಲ್ಲಿ ನಮ್ಮ ಆಟಗಾರರನ್ನು ಕರೆದರೆ ನಾಳೆಯೇ ನಮ್ಮನ್ನು ಗೇಟಿನಿಂದಾಚೆ ಹಾಕುತ್ತಾರೆ.

'ಬೀಳು' ಎರಡೂ ಅರ್ಥಕ್ಕೆ ಬರುತ್ತದೆ ನಿಜ. ಚೆಂಡು ಬೀಳಿಗೆ ಹೋಯಿತು ಎಂದರೆ ಇದುವರೆಗೆ ಒಬ್ಬ ಆಟಗಾರನೂ ಕೆಳಕ್ಕೆ ಬಿದ್ದಿಲ್ಲ.

ನಗುತ್ತಲೇ ಬರೆಯುತ್ತಿದ್ದೇನೆ, ಆದರೆ ಒಳಗೆ ಸಿಟ್ಟಿದೆ. ಹತ್ತನೇ ಕ್ಲಾಸಿಗೆ ಯಾಕೆ ಬರಲಿಲ್ಲ ಎಂದು ಹೇಳುತ್ತೇನೆ ಎಂದಿದ್ದೆನಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನೀವು 'ನಮ್ಮ ಮನೆಯ ಒಕ್ಕಣೆ' ಎಂದು ಪ್ರಬಂಧ ಬರೆಸಿದಿರಿ. ನಾನು ಆರು ಪುಟ ಬರೆದೆ. ನಮ್ಮಜ್ಜಿ ಹೇಳುವ ಮಾತುಗಳನ್ನೆಲ್ಲ ಹಾಕಿದ್ದೆ. ನೀವು ಕೆಂಪು ಶಾಯಿಯಲ್ಲಿ ಹತ್ತೊಂಬತ್ತು ಪದ ಹೊಡೆದುಹಾಕಿ, ಇದು ಭಾಷೆಯಲ್ಲ ಎಂದು ಕೆಳಗೆ ಬರೆದು ಸೊನ್ನೆ ಕೊಟ್ಟಿರಿ. ಆ ಪುಸ್ತಕವನ್ನು ಮನೆಯಲ್ಲಿ ತೋರಿಸಿದೆ. ನಮ್ಮ ಮಾತೇ ಮಾತಲ್ಲ ಅಂದಮೇಲೆ ಅಲ್ಲಿ ನಿನಗೇನು ಕೆಲಸ ಎಂದು ಅಪ್ಪ ಸ್ಕೂಲು ಬಿಡಿಸಿದರು.

ನಿಮ್ಮನ್ನು ದೂರಲು ಹೇಳುತ್ತಿಲ್ಲ. ಇನ್ನೊಂದು ಸಲ ಹೊಡೆಸಿಕೊಳ್ಳಲು ತಯಾರಿಲ್ಲ ಎಂದು ಹೇಳುತ್ತಿದ್ದೇನೆ. ನಮ್ಮ ಪದಗಳನ್ನು ನಮ್ಮಂತೆಯೇ ಇಟ್ಟು, ಅರ್ಥವನ್ನು ಮಾತ್ರ ತಿಳಿಯಾಗಿ ಬರೆದುಕೊಡಿ. ಆಗುವುದಿಲ್ಲವೆಂದರೆ ಅದನ್ನಾದರೂ ಬರೆಯಿರಿ, ನಾನೇ ಬರೆದುಕೊಳ್ಳುತ್ತೇನೆ.

ಮಾದೇವಮ್ಮ


ಕೊಳ್ಳೇಗಾಲ
2 ಸೆಪ್ಟೆಂಬರ್ 2024

ಮೇಷ್ಟ್ರೇ,

ಐದು ವಾರ ಕಾದೆ. ನಿಮ್ಮಿಂದ ಒಂದು ಸಾಲೂ ಬರಲಿಲ್ಲ. ಅಷ್ಟರಲ್ಲಿ ನಾನೇ ಒಂದು ನೋಟ್‌ಬುಕ್ಕಿನಲ್ಲಿ ಅರ್ಧ ಬರೆದಿದ್ದೆ.

ಇವತ್ತು ಬೆಳಿಗ್ಗೆ ಮ್ಯಾನೇಜರ್ ನಮ್ಮನ್ನೆಲ್ಲ ಕರೆದು, ಸಂತೋಷದ ಸುದ್ದಿ, ಪರೀಕ್ಷೆ ಕನ್ನಡದಲ್ಲೇ ಎಂದರು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕ ಕೊಟ್ಟರು. ತೆರೆದರೆ ಮೊದಲ ಪುಟದಲ್ಲೇ ಕಂದುಕ.

ನೀವು ನನಗೆ ಉತ್ತರ ಬರೆಯದೆ ನಿಮ್ಮ ಪಟ್ಟಿಯನ್ನು ರಿಜಿಸ್ಟರ್ ಪೋಸ್ಟಿನಲ್ಲಿ ನೇರವಾಗಿ ಅವರಿಗೇ ಕಳಿಸಿದ್ದೀರಿ. ಅವರು ಹೊರಗಿನವರು. ಕನ್ನಡ ಅಷ್ಟಿಷ್ಟು ಮಾತಾಡುತ್ತಾರೆ, ಓದಲು ಬರುವುದಿಲ್ಲ. ಪಂಡಿತರೇ ಕಳಿಸಿದ್ದಾರೆ ಅಂದಮೇಲೆ ಸರಿಯಾಗಿಯೇ ಇರುತ್ತದೆ ಎಂದು ಪ್ರಿಂಟ್ ಮಾಡಿಸಿದ್ದಾರೆ. ಮೈಸೂರಿನಿಂದ ಬರುವ ಪರೀಕ್ಷಕರು ಇದೇ ಪುಸ್ತಕ ನೋಡಿ ಪ್ರಶ್ನೆ ಮಾಡುತ್ತಾರಂತೆ. ಮ್ಯಾನೇಜರನ್ನು ನಾನು ಹೇಗೆ ಬೈಯಲಿ? ಕೇಳಿದ್ದನ್ನು ಕೊಟ್ಟಿದ್ದಾರೆ. ಇದಕ್ಕಿಂತ ಇಂಗ್ಲಿಷೇ ವಾಸಿ, ಅದು ನಾಲ್ಕು ವರ್ಷದಿಂದ ಕಿವಿಗೆ ಬಿದ್ದಿತ್ತು.

ಮಧ್ಯಾಹ್ನ ಇಬ್ಬರು ಅತ್ತರು. ನಾನು ಅಳಲಿಲ್ಲ. ಇನ್ನು ಇಪ್ಪತ್ತೇಳು ದಿನ ಇದೆ. ಈ ಪುಸ್ತಕವನ್ನು ವಾಪಸ್ ತೆಗೆಸುವುದು ನಿಮ್ಮ ಕೆಲಸ. ಅದಾಗದೇ ಹೋದರೆ ಸಿಕತಾಗರ್ತವನ್ನೂ ಬಾಯಿಪಾಠ ಮಾಡಿ ಪಾಸಾಗುವುದು ನಮ್ಮ ಕೆಲಸ. ನಾವು ನಮ್ಮದನ್ನು ಇವತ್ತು ಸಂಜೆಯಿಂದಲೇ ಶುರುಮಾಡಿದ್ದೇವೆ.

ಮಾದೇವಮ್ಮ


ಗೋಪಿನಾಥಂ
8 ಸೆಪ್ಟೆಂಬರ್ 2024

ಮಾದೇವಮ್ಮ,

ನಿನ್ನೆ ಗೌರಿ ಗಣೇಶನ ಹಬ್ಬದ ಸಿಹಿ ಬಾಯಿಗಿಡುವಾಗ ನಿನ್ನ ಪತ್ರ ಕೈಯಲ್ಲಿತ್ತು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದು.

ನಿನ್ನ ಜುಲೈ ಪತ್ರಕ್ಕೆ ಉತ್ತರ ಬರೆಯದೆ ಇದ್ದದ್ದು ಕೋಪದಿಂದ. ಸೊನ್ನೆ ಕೊಟ್ಟ ಮೇಷ್ಟ್ರಿಗೆ ಮಾರ್ಕ್ಸ್ ಕಾರ್ಡು ಕಳಿಸಿದ್ದೀಯ ಎಂದು ಉರಿದುಹೋದೆ. ನನ್ನ ಪಟ್ಟಿಯ ಬೆಲೆ ತಿಳಿದವರಿಗೇ ಕಳಿಸುತ್ತೇನೆ ಎಂದು ಪೋಸ್ಟ್ ಮಾಡಿದೆ. ಅದು ನಿಮಗೆ ಸಹಾಯವಾದೀತು ಎಂದೂ ಅಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಮೊದಲು ಬಂದದ್ದು ಕೋಪವೇ.

ಆ ಪ್ರಬಂಧ ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ನಿನ್ನ ಸ್ಕೂಲು ಬಿಡಿಸಿದ್ದು ನನಗೆ ನೆನಪೂ ಉಳಿಯದಷ್ಟು ಸಣ್ಣ ಕೆಲಸವಾಗಿತ್ತು ಎನ್ನುವುದೇ ನನ್ನನ್ನು ಚುಚ್ಚುತ್ತಿದೆ. ಇಂಥ ಗೆರೆಗಳನ್ನು ಇನ್ನೆಷ್ಟು ಮಕ್ಕಳ ಪುಸ್ತಕದಲ್ಲಿ ಎಳೆದಿದ್ದೇನೋ.

ಗುರುವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಗೇಟಿನ ಹತ್ತಿರ ಇರು.

ಸದಾಶಿವಪ್ಪ


ಗೋಪಿನಾಥಂ
14 ಸೆಪ್ಟೆಂಬರ್ 2024

ಮಾದೇವಮ್ಮ,

ಗುರುವಾರ ನಿನ್ನೆದುರು ನನಗೆ ಹೆಚ್ಚು ಮಾತು ಹೊರಡಲಿಲ್ಲ. ಬಸ್ಸಿನಲ್ಲಿ ಹನೂರು ದಾಟಿ ಮಾದಪ್ಪನ ಬೆಟ್ಟ ಹತ್ತಿ ಇಳಿಯುವವರೆಗೂ ಯೋಚಿಸಿದೆ. ಅದನ್ನು ಈಗ ಬರೆಯುತ್ತೇನೆ.

ಆಫೀಸಿನಲ್ಲಿ ಕೂತು ಮಾತಾಡುವ ಮೊದಲು ನೀನೂ ಮ್ಯಾನೇಜರೂ ನನಗೆ ಮೈದಾನ ತೋರಿಸಿದ್ದು ಒಳ್ಳೆಯದಾಯಿತು. ಒಳಗೊಳಗೇ ವಾದ ಜೋಡಿಸಿಕೊಂಡು ಬಂದಿದ್ದೆ, ಅರ್ಧ ಪದವನ್ನಾದರೂ ಉಳಿಸಿಕೊಳ್ಳಬೇಕೆಂದು. ಆ ಹುಲ್ಲಿನ ಅಂಚಿಗೆ ಬಂದಾಗ ನೀವಿಬ್ಬರೂ ಮಾತಾಡುತ್ತಾ ಮುಂದೆ ಹೋದಿರಿ. ನಾನು ಹಿಂದೆ ಉಳಿದೆ. ತಿರುಗಿ ನೋಡಿದಾಗ ನೀವು ಕಂಡದ್ದು ಚಪ್ಪಲಿ ಬಿಟ್ಟು ನಿಂತ ನನ್ನನ್ನು. ಆಣೆ ಮಾಡಿ ಹೇಳುತ್ತೇನೆ, ಬಿಟ್ಟದ್ದು ನನಗೇ ಗೊತ್ತಾಗಲಿಲ್ಲ. ಯಳಂದೂರಿನಲ್ಲಿ ನಮ್ಮಪ್ಪ ಸಗಣಿ ಸಾರಿಸಿದ ಕಣದ ಅಂಚಿನಲ್ಲಿ ನನ್ನ ಕಿವಿ ಹಿಂಡಿದ್ದರು, ಆರು ವರ್ಷದವನಿದ್ದಾಗ. ಪಾದಕ್ಕೆ ಅದು ನೆನಪಿತ್ತು. ಹರಿತಾಂಗಣ ಎಂದು ನಾನು ಹತ್ತು ದಿನ ಹೇಳಿಕೊಂಡರೂ ಪಾದ ಅದನ್ನು ಕೇಳಿಸಿಕೊಂಡಿರಲಿಲ್ಲ.

ಮ್ಯಾನೇಜರ್ ಯಾಕೆ ಎಂದು ಕೇಳಿದರು. ಕಣ ಎಂದರೆ ಏನೆಂದು ಹೇಳಿದೆ. ಪುಸ್ತಕ ಬರೆದವನು ನಾನೇ, ಇದು ತಪ್ಪು, ಇವರ ಮಾತೇ ಸರಿ ಎಂದೂ ಹೇಳಿದೆ. ನೀನು ಪಕ್ಕದಲ್ಲಿದ್ದೆ, ಕೇಳಿಸಿಕೊಂಡೆ. ಇಪ್ಪತ್ತನೇ ತಾರೀಖಿನೊಳಗೆ ಹೊಸ ಪುಸ್ತಕ ಕೈಗೆ ಬಂದರೆ ಅದನ್ನೇ ಪರೀಕ್ಷಕರಿಗೆ ಕೊಡುತ್ತೇನೆ ಎಂದರಲ್ಲ, ದೊಡ್ಡ ಮನುಷ್ಯ.

ಎರಡು ದಿನದಲ್ಲಿ ಬರೆದು ಮುಗಿಸಿದ್ದೇನೆ. 'ಕುಂತದೆ, ಹುದುಗದೆ, ಒರಗದೆ' ಹಾಗೆಯೇ ಇವೆ. ಇಂಗ್ಲಿಷ್ ಚೆಂಡಿನ ಸ್ಥಿತಿಗೆ ಹೆಸರಿಡುತ್ತದೆ, ಕನ್ನಡದ ಕ್ಯಾಡಿಗಳು ಚೆಂಡು ಏನು ಮಾಡುತ್ತಿದೆ ಎಂದು ಹೇಳುತ್ತಾರೆ, ಎಂದು ಟಿಪ್ಪಣಿ ಹಾಕಿದ್ದೇನೆ. 'ಫೋರ್' ಎಂಬಲ್ಲಿ 'ಫೋರ್' ಎಂದೇ ಇದೆ. ನೀನು ಓದು. ತಪ್ಪಿದ್ದರೆ ಯಾವ ಶಾಯಿಯಲ್ಲಾದರೂ ಹೊಡೆ.

ಸದಾಶಿವಪ್ಪ


ಕೊಳ್ಳೇಗಾಲ
21 ಸೆಪ್ಟೆಂಬರ್ 2024

ಮೇಷ್ಟ್ರಿಗೆ ನಮಸ್ಕಾರ.

ಏಳು ಕಡೆ ಹೊಡೆದೆ, ನೀಲಿ ಶಾಯಿಯಲ್ಲಿ. ನಿನ್ನೆ ಪುಸ್ತಕ ಕೊಟ್ಟಾಯಿತು, ಮೈಸೂರಿಗೂ ಹೋಯಿತು.

ಇನ್ನೊಂದು ಗಂಟು ಉಳಿದಿದೆ. ಸೋಮಮ್ಮನಿಗೆ ಬರೆಯಲು ಬರುವುದಿಲ್ಲ. ಅವರನ್ನು ಬಿಟ್ಟು ನಾವು ಹದಿನೇಳು ಜನ ಪರೀಕ್ಷೆಗೆ ಕೂರುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದೆವು. ಅವರು ತಲೆ ಚಚ್ಚಿಕೊಂಡು ಕೊನೆಗೆ ಒಪ್ಪಿದರು. ಬೇರೆ ರೂಮಿನಲ್ಲಿ ಒಬ್ಬರು ಪ್ರಶ್ನೆ ಓದಿ ಹೇಳಬಹುದು, ಸೋಮಮ್ಮ ಬಾಯಲ್ಲಿ ಹೇಳಿದ್ದನ್ನು ಆಫೀಸಿನ ಕ್ಲರ್ಕ್ ಬರೆದುಕೊಳ್ಳುತ್ತಾರೆ. ಆದರೆ ಓದುವವರು ಕ್ಯಾಡಿಯಾಗಿರಬಾರದು, ಗಾಲ್ಫ್ ಗೊತ್ತಿರಬಾರದು.

ಕನ್ನಡ ಚೆನ್ನಾಗಿ ಓದಲು ಬರುವ, ಗಾಲ್ಫ್ ಏನೂ ಗೊತ್ತಿಲ್ಲದ ಒಬ್ಬರೇ ನನಗೆ ಪರಿಚಯ. 29ನೇ ತಾರೀಖು ಭಾನುವಾರ, ಹತ್ತು ಗಂಟೆಗೆ. ಹಿಂದಿನ ದಿನವೇ ಬಂದು ನಮ್ಮ ಮನೆಯಲ್ಲಿ ಉಳಿಯಿರಿ.

ಮಾದೇವಮ್ಮ


ಕೊಳ್ಳೇಗಾಲ
4 ಅಕ್ಟೋಬರ್ 2024

ಮೇಷ್ಟ್ರಿಗೆ,

ಫಲಿತಾಂಶ ಬೋರ್ಡಿಗೆ ಹಾಕಿದ್ದಾರೆ. ಹದಿನೈದು ಜನ ಪಾಸು, ಅದರಲ್ಲಿ ನಾನೂ ಒಬ್ಬಳು. ಇಬ್ಬರು ಫೇಲು, ಅವರಿಗೆ ಜನವರಿಯಲ್ಲಿ ಮತ್ತೆ ಅವಕಾಶ ಕೊಡಿಸಿದ್ದೇನೆ, ಪಂಪ್ ಮನೆಯ ಜಗಲಿಯಲ್ಲಿ ಆಗಲೇ ಪಾಠ ಶುರುವಾಗಿದೆ.

ಸೋಮಮ್ಮನ ಹೆಸರು ಮಾತ್ರ ಇಲ್ಲ. ಹತ್ತಕ್ಕೆ ಹತ್ತೂ ಸರಿ ಬಂದಿವೆಯಂತೆ. ಅದೇ ತೊಂದರೆಯಾಗಿದೆ. ಓದು ಬಾರದ ಹೆಂಗಸಿಗೆ ಹತ್ತಕ್ಕೆ ಹತ್ತು ಹೇಗೆ ಬಂತು, ಮೇಷ್ಟ್ರು ಹೇಳಿಕೊಟ್ಟಿರಬೇಕು ಎಂದು ಪರೀಕ್ಷಕರು ಸಂಶಯ ಬರೆದಿದ್ದಾರೆ. ಕ್ಲರ್ಕನ್ನು ಕೇಳಿದರೆ, ಬರೆದುಕೊಳ್ಳುವುದರಲ್ಲಿದ್ದೆ, ನಾನೇನೂ ನೋಡಲಿಲ್ಲ ಎಂದರು. ಸೋಮಮ್ಮನಿಗೆ ಸೋಮವಾರದಿಂದ ಕಳೆ ಕೀಳುವ ಕೆಲಸ ಎಂದು ಹೇಳಿದ್ದಾರೆ. ಆ ರೂಮಿನಲ್ಲಿ ಏನು ನಡೆಯಿತು ಎಂದು ಕೇಳಿದರೆ ಸೋಮಮ್ಮ ಬಾಯಿ ಬಿಡುವುದಿಲ್ಲ. "ಮೇಷ್ಟ್ರುನ್ನೇ ಕೇಳವ್ವ" ಅನ್ನುತ್ತಾರೆ.

ನಡೆದದ್ದನ್ನು ನಡೆದಂತೆ ಬರೆದು ಮ್ಯಾನೇಜರಿಗೆ ಕಳಿಸಿ. ನನಗೊಂದು ಪ್ರತಿ ಕಳಿಸಿ. ಈ ಪತ್ರವನ್ನು ನಿಮ್ಮೂರ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಕೊಟ್ಟಿದ್ದೇನೆ, ನಾಳೆ ವಾಪಸ್ ಬರುವಾಗ ಅವರ ಕೈಯಲ್ಲೇ ಕೊಡಿ.

ಮಾದೇವಮ್ಮ


ಗೋಪಿನಾಥಂ
5 ಅಕ್ಟೋಬರ್ 2024

ಮಾನ್ಯ ಮ್ಯಾನೇಜರ್ ಅವರಿಗೆ,
(ಪ್ರತಿ: ಮಾದೇವಮ್ಮ)

ನಾನು ಸದಾಶಿವಪ್ಪ, ಸೆಪ್ಟೆಂಬರ್ 29ರಂದು ಸೋಮಮ್ಮನವರಿಗೆ ಪ್ರಶ್ನೆ ಓದಿದವನು. ಮೂವತ್ತೊಂದು ವರ್ಷ ಪರೀಕ್ಷೆ ನಡೆಸಿದ್ದೇನೆ. ಒಂದು ಸಲವೂ ಒಬ್ಬ ಹುಡುಗನಿಗೂ ಉತ್ತರ ಹೇಳಿಕೊಟ್ಟವನಲ್ಲ. ಆ ದಿನ ಹೇಳಿಕೊಟ್ಟೆ.

ಮೊದಲ ಎಂಟು ಪ್ರಶ್ನೆಗೆ ಅವರು ನಾನು ಓದಿ ಮುಗಿಸುವ ಮೊದಲೇ ಉತ್ತರ ಹೇಳಿದರು. ಒಂಬತ್ತನೆಯದು ಹೀಗಿತ್ತು: ಆಟಗಾರ ಚೆಂಡಿಗೆಂದು ಕೋಲು ಬೀಸಿದ, ಕೋಲು ಚೆಂಡಿಗೆ ತಾಗಲಿಲ್ಲ, ಚೆಂಡು ಇದ್ದಲ್ಲೇ ಇದೆ, ಇದು ಏಟೋ ಅಲ್ಲವೋ? ಸೋಮಮ್ಮನವರು ಸುಮ್ಮನೆ ಕೂತರು. ಕಿಟಕಿಯಾಚೆ ನೋಡಿದರು. ಅವರಿಗೆ ಗೊತ್ತಿಲ್ಲ ಎಂದು ನನಗನ್ನಿಸಿತು. ಇಷ್ಟು ದೂರ ಬಂದು ಇಲ್ಲಿ ಸೋಲಬಾರದು. ಏಟು ಎಂದರೆ ತಾಗಿದ್ದು, ತಾಗದ್ದು ಏಟು ಹೇಗಾದೀತು? ಇಷ್ಟು ಕನ್ನಡ ನನಗೆ ಗೊತ್ತು ಎಂದುಕೊಂಡೆ. ಕ್ಲರ್ಕ್ ಹಾಳೆ ತಿರುಗಿಸುವಾಗ ನಾನು ಅವರ ಕಡೆ ನೋಡಿ, ಅಲ್ಲ ಎಂದು ತಲೆ ಅಲ್ಲಾಡಿಸಿದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಏಟೇಯ ಮೇಷ್ಟ್ರೇ. ಒಡೀಬೇಕು ಅಂತ್ಲೇ ಬೀಸವ್ನೆ. ತಾಗ್ದೆ ಓದ್ರೂ ಲೆಕ್ಕಕ್ಕೆ ಬತ್ತದೆ." ಕ್ಲರ್ಕ್ ಅದನ್ನು ಬರೆದುಕೊಂಡರು. ಅವರು ಸುಮ್ಮನೆ ಕೂತದ್ದು ಉತ್ತರ ಗೊತ್ತಿಲ್ಲದೆ ಅಲ್ಲ. ಹೊರಗೆ ಯಾರೋ ತಪ್ಪು ಕೋಲು ಹಿಡಿದದ್ದನ್ನು ನೋಡುತ್ತಿದ್ದರಂತೆ.

ನಿಮ್ಮ ನಿಯಮದ ಪುಸ್ತಕದಲ್ಲಿ ಏನಿದೆ ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಅವರು ಹೇಳಿದ್ದು ಸರಿ, ನಾನು ಹೇಳಿಕೊಟ್ಟದ್ದು ತಪ್ಪು. ನನ್ನ ಮಾತು ಕೇಳಿದ್ದರೆ ಅವರಿಗೆ ಬರುತ್ತಿದ್ದುದು ಹತ್ತಕ್ಕೆ ಒಂಬತ್ತು.

ಆದ್ದರಿಂದ ಆ ರೂಮಿನಲ್ಲಿ ಅಕ್ರಮ ನಡೆದದ್ದು ನಿಜ. ಅದನ್ನು ಮಾಡಿದವನು ನಾನು. ಹೇಳಿಕೊಡಬೇಕೆಂದೇ ತಲೆ ಅಲ್ಲಾಡಿಸಿದೆ, ಅದು ಅವರಿಗೆ ತಾಗಲಿಲ್ಲ, ಆದರೂ ಅವರದೇ ನಿಯಮದಂತೆ ನನ್ನ ಲೆಕ್ಕಕ್ಕೆ ಬರುತ್ತದೆ. ಇನ್ನು ಮುಂದೆ ನನ್ನನ್ನು ಯಾವ ಪರೀಕ್ಷೆಗೂ ಕರೆಯಬೇಡಿ. ಸೋಮಮ್ಮನವರ ಹೆಸರನ್ನು ಬೋರ್ಡಿಗೆ ಹಾಕಿ.

ಸದಾಶಿವಪ್ಪ
ನಿವೃತ್ತ ಕನ್ನಡ ಪಂಡಿತ


ಕೊಳ್ಳೇಗಾಲ
8 ಅಕ್ಟೋಬರ್ 2024

ಮೇಷ್ಟ್ರಿಗೆ ನಮಸ್ಕಾರ.

ಸೋಮವಾರ ಬೆಳಿಗ್ಗೆ ನಿಮ್ಮ ಪತ್ರವನ್ನು ಕ್ಲರ್ಕ್ ಮ್ಯಾನೇಜರಿಗೆ ಓದಿ ಹೇಳಿದರು. ನಾವು ಹದಿನೆಂಟು ಜನ ಬಾಗಿಲಲ್ಲಿ ನಿಂತಿದ್ದೆವು. ಓದುತ್ತಾ ಕ್ಲರ್ಕ್ ಎರಡು ಸಲ ನಿಲ್ಲಿಸಿ ಸೋಮಮ್ಮನ ಮುಖ ನೋಡಿದರು. ಮ್ಯಾನೇಜರ್ ಮೈಸೂರಿಗೆ ಫೋನ್ ಮಾಡಿದರು, ಆಮೇಲೆ ಎದ್ದು ಹೋಗಿ ತಾವೇ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಸೋಮಮ್ಮನ ಹೆಸರು ಬರೆದರು. ಎಲ್ಲರಿಗಿಂತ ಮೇಲೆ ಬರೆದರು. ಮಧ್ಯಾಹ್ನದ ಆಟಕ್ಕೆ ಸೋಮಮ್ಮ ಚೀಲ ಎತ್ತಿದರು.

ನಿಮ್ಮ ಪತ್ರ ಓದುವಾಗ ನನಗೆ ಅಳು ಬಂತು. ಇಷ್ಟು ದಿನ ತಡೆದುಕೊಂಡಿದ್ದೆ, ಅಲ್ಲಿ ಆಗಲಿಲ್ಲ.

ಮೇಷ್ಟ್ರಿಗೆ ಏನು ಬರೆಯಲಿ ಎಂದು ಸೋಮಮ್ಮನನ್ನು ಕೇಳಿದೆ. ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಾ ಹೇಳಿದರು: "ಜನವರಿ ಪರೀಕ್ಸೆಗೆ ಬರ್ಲಿ ಅನ್ನು. ಅವ್ರೇ ಬ್ಯಾಡ ಅಂದ್ರೂ ನಾನ್ ಕರ್ಸ್ತೀನಿ. ಆದ್ರೆ ಈ ಸಲ ಓದ್ಕಂಡ್ ಬರ್ಲಿ."

ಮಾದೇವಮ್ಮ